ಹೊಳಿ ದಾಟಿದರ ಫ್ರಾನ್ಸ್

ಕಳೆದ ತಿಂಗಳು ಅಂಕಣ ತಪ್ಪಿಸಿದ್ದಕ್ಕೆ ಓದುಗರು ಕ್ಷಮಿಸಬೇಕು. ನಾನು, ನನ್ನಾಕೆ, ನನ್ನ ಅಕ್ಕ ಮೂವರೂ ಮಗಳ ಮನೆಗೆ ಹೋಗಿದ್ದೆವು. ಮಗಳು ಅಳಿಯ ಇರುವುದು ಜರ್ಮನಿಯ ಕೇಲ್ ಎಂಬ ಸಣ್ಣ ಊರಿನಲ್ಲಿ. ಊರಿನ ಅಂಚಿಗೆ ರೈನ್ ನದಿ, ಆಚೆ ದಡದಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್. 2017ರಿಂದ ಸ್ಟ್ರಾಸ್‌ಬರ್ಗಿನ ಟ್ರಾಮ್ ಸೇತುವೆ ದಾಟಿ ಕೇಲ್‌ವರೆಗೆ ಬರುತ್ತದೆ. ನಾವು ಡೊಂಬಿವಲಿಯಿಂದ ಠಾಣೆಗೆ ಹೋಗುವಷ್ಟು ಹೊತ್ತಿನಲ್ಲಿ ಅಲ್ಲಿ ದೇಶವೇ ಬದಲಾಗಿರುತ್ತದೆ. ಲೋಕಲ್ಲಿನ ನೂಕಾಟ ಮಾತ್ರ ಇಲ್ಲ.

ಅಕ್ಕನ ಬಗ್ಗೆ ಹೇಳಬೇಕು. ಅಕ್ಕಲಕೋಟೆ ತಾಲೂಕಿನ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿದವಳು. ಊರಿಗೆಲ್ಲ ಅಕ್ಕೋರು. ಐದು ವರ್ಷದ ಮೊಮ್ಮಗನಿಗೆಂದು ಅವಳು ಕಟ್ಟಿಕೊಂಡು ಬಂದದ್ದು ಚಕ್ಕುಲಿ, ಶೇಂಗಾ ಚಟ್ನಿ, ಒಂದು ಪಾಟಿ, ಒಂದು ಡಬ್ಬಿ ಬಳಪ. ಪಾಟಿ ಹೊರಗೆ ಬಂದ ದಿನವೇ ಮಗಳು ಮೆಲ್ಲಗೆ, "ಅತ್ಯಾ, ಈಗ ಬ್ಯಾಡ. ಬಾಲವಾಡಿಯೊಳಗ ಜರ್ಮನ್, ಅವರಪ್ಪನ ಜೋಡಿ ಮರಾಠಿ, ನಾವಿಬ್ಬರು ಮಾತಾಡೂದು ಇಂಗ್ಲಿಷು. ಇನ್ನೊಂದು ಸೇರಿಸಿದರ ಗೊಂದಲ ಆಗ್ತಾನ" ಎಂದಳು. ಅಕ್ಕ "ಆಗಲೇಳವಾ" ಎಂದು ಪಾಟಿಯನ್ನು ಸೀರೆಗಳ ಕೆಳಗೆ ಇಟ್ಟಳು. ಎಂಟು ದಿನ ಆ ಮಾತೇ ತೆಗೆಯಲಿಲ್ಲ. ಜಗಳಾಡುವ ಅಕ್ಕ ನನಗೆ ಗೊತ್ತು. ಸುಮ್ಮನಿರುವ ಅಕ್ಕನನ್ನು ಕಂಡರೆ ಹೆದರಿಕೆ.

ಒಂಬತ್ತನೆಯ ದಿನ ಎಲ್ಲರೂ ಸ್ಟ್ರಾಸ್‌ಬರ್ಗಿಗೆ ಹೊರಟೆವು. ಮೊದಲು ಕ್ಯಾಥೆಡ್ರಲ್. ಗುಲಾಬಿ ಛಾಯೆಯ ಮರಳುಗಲ್ಲಿನ ಕಟ್ಟಡ, 142 ಮೀಟರ್ ಎತ್ತರದ ಒಂದೇ ಶಿಖರ. 1647ರಿಂದ 1874ರವರೆಗೆ ಲೋಕದಲ್ಲೇ ಎತ್ತರದ ಕಟ್ಟಡ ಇದಾಗಿತ್ತು. ಎರಡನೆಯ ಶಿಖರ ಕಟ್ಟಲೇ ಇಲ್ಲ. ಅಳಿಯ ಮೊಮ್ಮಗನನ್ನು ಕರೆದುಕೊಂಡು ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿಬಂದ. ಅಕ್ಕನ ಮೊಣಕಾಲು ಒಪ್ಪಲಿಲ್ಲ, ನನ್ನದು ಒಪ್ಪಿತೋ ಇಲ್ಲವೋ ನಾನು ಕೇಳಲೇ ಇಲ್ಲ.

ಒಳಗಿನ ಖಗೋಳ ಗಡಿಯಾರ ಮಾತ್ರ ಬಿಡಬಾರದು. ಈಗಿರುವುದು ಅಲ್ಲಿನ ಮೂರನೆಯದು, 1838ರಿಂದ 1843ರ ನಡುವೆ ಮಾಡಿದ್ದು. ಗ್ರಹಗಳ ನೆಲೆ ತೋರಿಸುತ್ತದೆ, ಪ್ರತಿ ವರ್ಷ ಈಸ್ಟರ್ ಹಬ್ಬ ಯಾವ ದಿನ ಎಂದು ಗಾಲಿಗಳಲ್ಲೇ ಲೆಕ್ಕ ಹಾಕುತ್ತದೆ. ಮಧ್ಯಾಹ್ನ 12:30ಕ್ಕೆ ಹನ್ನೆರಡು ಶಿಷ್ಯರ ಬೊಂಬೆಗಳು ಏಸುವಿನ ಮುಂದೆ ಸಾಲಾಗಿ ಹಾದುಹೋಗುತ್ತವೆ, ಮೇಲಿನ ಕೋಳಿ ರೆಕ್ಕೆ ಬಡಿದು ಮೂರು ಸಲ ಕೂಗುತ್ತದೆ. ಹನ್ನೆರಡಕ್ಕೆ ಯಾಕಲ್ಲ ಎಂದರೆ, ಆ ಗಡಿಯಾರ ನಡೆಯುವುದು ಊರಿನ ಸ್ವಂತ ಸಮಯದ ಮೇಲೆ. ನಮ್ಮ ಮೊಬೈಲು 12:30 ಎನ್ನುವಾಗ ಅದಕ್ಕೆ ಹನ್ನೆರಡು. ಅಕ್ಕ ಮೆಚ್ಚಿದಳು. "ಇದು ಯಾರ ಮಾತೂ ಕೇಳೂದಿಲ್ಲ" ಎಂದಳು.

ಆಮೇಲೆ ಪತೀತ್ ಫ್ರಾನ್ಸ್, ಎಂದರೆ ಚಿಕ್ಕ ಫ್ರಾನ್ಸ್. ಕಾಲುವೆಗಳ ಪಕ್ಕ ಮರದ ಚೌಕಟ್ಟಿನ ಹಳೆಯ ಮನೆಗಳು, ಹಿಂದೆ ಚರ್ಮ ಹದಮಾಡುವವರ ಕೇರಿ. ಹೆಸರು ಕೇಳಿ ದೇಶಪ್ರೇಮ ಎಂದುಕೊಳ್ಳಬೇಡಿ. ಅಲ್ಲಿ ಮೇಹರೋಗಿಗಳ ಆಸ್ಪತ್ರೆಯೊಂದಿತ್ತು, ಜರ್ಮನರು ಆ ರೋಗವನ್ನು ಫ್ರೆಂಚ್ ರೋಗ ಎನ್ನುತ್ತಿದ್ದರು. ನಮ್ಮ ಆಯುರ್ವೇದದವರು ಅದಕ್ಕೇ ಫಿರಂಗಿ ರೋಗ ಎಂದರು. ಕೆಟ್ಟದ್ದು ಯಾವಾಗಲೂ ಪಕ್ಕದ ಊರಿನದು. ಅಲ್ಲೇ ಒಂದು ಹೋಟೆಲಿನಲ್ಲಿ ಕೆನೆ, ಈರುಳ್ಳಿ ಹಚ್ಚಿ ಸುಟ್ಟ ತೆಳ್ಳನೆಯ ರೊಟ್ಟಿಯಂಥದ್ದನ್ನು ಮಾಂಸ ಹಾಕಬೇಡಿ ಎಂದು ಹೇಳಿ ತರಿಸಿದೆವು. ನನ್ನಾಕೆ ಚೀಲದಿಂದ ಶೇಂಗಾ ಚಟ್ನಿ ತೆಗೆದು ಸವರಿದಳು. ಮಾಣಿ ನೋಡಿಯೂ ನೋಡದಂತೆ ಹೋದ.

ಊಟವಾಗಿ ನಡೆಯುವಾಗ ಅಕ್ಕ ಬೀದಿಯ ಫಲಕದ ಮುಂದೆ ನಿಂತುಬಿಟ್ಟಳು. ಮೇಲೆ ಗ್ರಾಂದ್ ರ್ಯೂ, ಕೆಳಗೆ ಲಾಂಗ್‌ಸ್ಟ್ರೋಸ್. ಒಂದೇ ಬೀದಿಗೆ ಎರಡು ಹೆಸರು ಯಾಕೆ? ಮಗಳು ಹೇಳಿದಳು: ಮೇಲಿನದು ಫ್ರೆಂಚ್, ಕೆಳಗಿನದು ಇಲ್ಲಿನವರ ಮನೆಮಾತು ಅಲ್ಸೇಶಿಯನ್, ಜರ್ಮನ್ ಕುಲದ್ದು. ಈ ಸೀಮೆ 1871ರಲ್ಲಿ ಜರ್ಮನಿಗೆ ಹೋಯಿತು, 1918ರಲ್ಲಿ ಫ್ರಾನ್ಸಿಗೆ, 1940ರಲ್ಲಿ ಮತ್ತೆ ಜರ್ಮನಿಗೆ, ಯುದ್ಧ ಮುಗಿಯುವಾಗ ಮತ್ತೆ ಫ್ರಾನ್ಸಿಗೆ. ಹಿಟ್ಲರನ ಕಾಲದಲ್ಲಿ ಫ್ರೆಂಚ್ ಆಡುವಂತಿರಲಿಲ್ಲ. ಆಮೇಲೆ ಶಾಲೆಯಲ್ಲಿ ಅಲ್ಸೇಶಿಯನ್ ಆಡುವಂತಿರಲಿಲ್ಲ. "ಈಗ ಮಕ್ಕಳು ಆಡ್ತಾವೇನು?" ಎಂದು ಅಕ್ಕ ಕೇಳಿದಳು. "ಮುದುಕರು ಆಡ್ತಾರ ಅತ್ಯಾ. ಮಕ್ಕಳು ಕಡಿಮಿ." ಅಕ್ಕ ಫಲಕವನ್ನೇ ನೋಡಿದಳು. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಮ್ಮೂರು ಆಚೆ ಉಳಿಯಿತು ಎಂದು ಬೆಳೆದವರು ನಾವು. ಅವಳ ಶಾಲೆಯಲ್ಲಿ ವರ್ಷವರ್ಷಕ್ಕೆ ಪಟದಲ್ಲಿ ಹೆಸರು ಕಡಿಮೆಯಾಗುವುದನ್ನು ಕಂಡವಳು ಅವಳು.

ಕೊನೆಗೆ ರಿಪಬ್ಲಿಕ್ ಚೌಕದ ಯುದ್ಧಸ್ಮಾರಕ. 1936ರದ್ದು. ಒಬ್ಬ ತಾಯಿ, ಅವಳ ಮಡಿಲಲ್ಲಿ ಸಾಯುತ್ತಿರುವ ಇಬ್ಬರು ಗಂಡುಮಕ್ಕಳು. ಫ್ರಾನ್ಸಿನ ಬೇರೆ ಊರುಗಳ ಸ್ಮಾರಕಗಳಲ್ಲಿ ಫ್ರಾನ್ಸಿಗಾಗಿ ಮಡಿದವರು ಎಂದು ಕೆತ್ತಿರುತ್ತಾರೆ. ಇಲ್ಲಿ ಇರುವುದು "ನಮ್ಮ ಮೃತರಿಗೆ" ಎಂದಷ್ಟೇ.

"ಇಬ್ಬರ ಮೈಮ್ಯಾಲೂ ಅರಿವಿ ಇಲ್ಲಲ್ಲ, ಯಾಕವಾ?"

"ಸಿಪಾಯಿ ಅರಿವಿ ಹಾಕಿದರ ಯಾರ ಕಡೆಯವ ಅಂತ ಗೊತ್ತಾಗ್ತದಲ್ಲ ಅತ್ಯಾ. ಒಬ್ಬ ಜರ್ಮನಿ ಕಡೆ, ಒಬ್ಬ ಫ್ರಾನ್ಸ್ ಕಡೆ ಸತ್ತಾನ. ಇಬ್ಬರೂ ಆಕಿ ಮಕ್ಕಳೇ."

ಸ್ಮಾರಕ ನಿಲ್ಲಿಸಿ ಆರು ವರ್ಷಕ್ಕೆ, 1942ರಲ್ಲಿ, ಈ ಸೀಮೆಯ ಮತ್ತು ಪಕ್ಕದ ಮೊಸೆಲ್‌ನ ಸುಮಾರು 1,30,000 ಗಂಡಸರನ್ನು ಜರ್ಮನ್ ಸೈನ್ಯಕ್ಕೆ ಬಲವಂತವಾಗಿ ಸೇರಿಸಿಕೊಳ್ಳುವುದು ಶುರುವಾಯಿತು. ಮಗಳು ಇದನ್ನೂ ಹೇಳಿದಳು. ಅಕ್ಕ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ಮೊಣಕಾಲು ನೋವೇ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿದಳು.

ವಾಪಸು ಟ್ರಾಮಿನಲ್ಲಿ ಮೊಮ್ಮಗ ಅವಳ ಪಕ್ಕದಲ್ಲೇ ಕೂತ. ಸೇತುವೆ ಬಂದಾಗ ಕಿಟಕಿಗೆ ಬೆರಳಿಟ್ಟು "ರೈನ್!" ಎಂದ. ಅಕ್ಕನ ಬಾಯಿಂದ ತಾನಾಗಿ ಬಂತು: "ಹೊಳಿ." ಹುಡುಗ ತಿರುಗಿ ನೋಡಿ, "ಹೊಳಿ" ಎಂದ. ಅಕ್ಕ ತಪ್ಪು ಮಾಡಿದವಳಂತೆ ಮಗಳ ಕಡೆ ನೋಡಿದಳು. ಮಗಳು ಹೊರಗೆ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳೇ, "ಅತ್ಯಾ, ಆ ಪಾಟಿ ಎಲ್ಲಿಟ್ಟೀರಿ?" ಎಂದಳು.

ಉಳಿದದ್ದು ಆರು ದಿನ. ಅಷ್ಟರಲ್ಲಿ ಅ ಆ ಇ ಈ ಆಯಿತು, ಹೊಳಿಗೆ ಬೇಕೆಂದು 'ಹ' ಆಯಿತು. ಪಾಟಿಯನ್ನು ಅಲ್ಲೇ ಬಿಟ್ಟು ಬಂದಿದ್ದಾಳೆ. ಈಗ ವಾರಕ್ಕೊಮ್ಮೆ ಅಕ್ಕಲಕೋಟೆಯಿಂದ ನನಗೆ ಫೋನು ಬರುತ್ತದೆ: ಜರ್ಮನಿಯೊಳಗ ಬಳಪ ಸಿಗ್ತಾವೋ ಇಲ್ಲೋ, ಒಂದು ಡಬ್ಬಿ ಅಂಚೆಯಲ್ಲಿ ಕಳಿಸಿದರ ಒಡೆಯದ ಮುಟ್ಟತಾವೋ?