ಕೊಸರು ಮತ್ತು ಬೋನಸ್ಸು

ಸಂತೆಯಲ್ಲಿ ಸೊಪ್ಪು ಕೊಂಡವರು ಅಳತೆ ಮುಗಿದ ಮೇಲೆ ಕೇಳಿ ಪಡೆಯುವ ಒಂದು ಹಿಡಿ ಹೆಚ್ಚಿಗೆಗೆ ಕನ್ನಡದಲ್ಲಿ ಕೊಸರು ಎಂದು ಹೆಸರು. ಚಿಕ್ಕ ಪದ, ಆದರೆ ಅದರೊಳಗೆ ಒಂದು ವ್ಯವಹಾರನೀತಿಯೇ ಅಡಗಿದೆ. ಕೊಸರು ಬೆಲೆಯ ಭಾಗವಲ್ಲ, ಭಿಕ್ಷೆಯೂ ಅಲ್ಲ. ಕೊಡುವವಳಿಗೆ ಮುಂದಿನ ವಾರವೂ ಗಿರಾಕಿ ತನ್ನ ಬಳಿಗೇ ಬರಲಿ ಎಂಬ ಆಸೆಯುಂಟು. ಕೊಳ್ಳುವವನಿಗೆ ಅವಳ ತಕ್ಕಡಿಯ ಮೇಲೆ ವಿಶ್ವಾಸವುಂಟು. ಇಬ್ಬರ ಮುಖವೂ ಇಬ್ಬರಿಗೂ ಕಾಣುತ್ತದೆ. ಕೊಸರಿನ ಆಸೆಗೆ ಬೇಡದ ಸೊಪ್ಪನ್ನು ಕೊಂಡವನು ಮಾತ್ರ ಮನೆಯಲ್ಲಿ ಬೈಸಿಕೊಳ್ಳುತ್ತಾನೆ.

ಈ ಹಳೆಯ ಪದದ ಜಾಗದಲ್ಲಿ ಇಂದು ಬೋನಸ್ಸು ಬಂದು ಕುಳಿತಿದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಒಳ್ಳೆಯದು’ ಎಂದಷ್ಟೇ ಅರ್ಥ. ನಮ್ಮ ದೇಶದಲ್ಲಿ ಅದು ಮೊದಲು ಗೌರವ ಪಡೆದದ್ದು ದುಡಿಮೆಯ ನೆರಳಿನಲ್ಲಿ. 1965ರ ಬೋನಸ್ ಕಾಯಿದೆ, ಮುಂದೆ ತಿದ್ದುಪಡಿಯಾದ ರೂಪದಲ್ಲಿ, ಕಾರ್ಮಿಕನಿಗೆ ಕನಿಷ್ಠ ಪಕ್ಷ ವೇತನದ ನೂರಕ್ಕೆ 8.33ರಷ್ಟು, ಎಂದರೆ ವರ್ಷಕ್ಕೆ ಒಂದು ತಿಂಗಳ ಸಂಬಳದಷ್ಟು, ಸಲ್ಲಬೇಕೆಂದು ಗೊತ್ತುಮಾಡಿತು. ಅದು ಧಣಿಯ ಕೃಪೆಯಲ್ಲ, ಬೆವರಿನ ಬಾಕಿ. ಸೊಪ್ಪಿನವಳ ಕೊಸರಿಗೂ ಕಾರ್ಮಿಕನ ಬೋನಸ್ಸಿಗೂ ಬೇರೆ ಬೇರೆ ಮರ್ಯಾದೆಯುಂಟು. ಆದರೆ ಎರಡರ ಹಿಂದೆಯೂ ನಿಜವಾದ ಒಂದು ಕೊಡುಕೊಳ್ಳುವಿಕೆಯಿದೆ. ನಾನು ಇಲ್ಲಿ ವಿಚಾರಿಸಬೇಕೆಂದಿರುವುದು ಮೂರನೆಯ ಬಗೆಯ ಬೋನಸ್ಸನ್ನು. ನಮ್ಮ ಹುಡುಗರು ಕೈಯಲ್ಲಿ ಹಿಡಿದ ಆ ಪುಟ್ಟ ಗಾಜಿನ ಹಲಗೆಯೊಳಗೆ ಹಗಲಿರುಳು ಸಂಪಾದಿಸುತ್ತಿರುವ ಬೋನಸ್ಸನ್ನು.

ಕೊಳ್ಳೇಗಾಲ, ಹನೂರು, ಯಳಂದೂರುಗಳಿಂದಲೂ ಸುತ್ತಣ ಹಳ್ಳಿಗಳಿಂದಲೂ ಬಸ್ಸು ಹಿಡಿದು ಕಾಲೇಜಿಗೆ ಬರುವ ತರುಣರಲ್ಲಿ ಮೊಬೈಲಿನ ಆಟವನ್ನು ಅರಿಯದವರು ವಿರಳ. ಆಟವೆಂದರೆ ಹಳೆಯ ಕಾಲದ ಆಟವಲ್ಲ, ಅದೊಂದು ಊರು. ಅದಕ್ಕೆ ಅದರದೇ ನಾಣ್ಯ, ಅದರದೇ ಅಂಗಡಿ, ಅದರದೇ ಜಾತ್ರೆ. ಆ ಜಾತ್ರೆಯನ್ನು ‘ಈವೆಂಟು’ ಎನ್ನುತ್ತಾರೆ. ಕೆಲವು ಆಟಗಳಲ್ಲಿ ಈ ಜಾತ್ರೆ ಜೂಜುಕಟ್ಟೆಯ ವೇಷದಲ್ಲಿ ಬರುತ್ತದೆ: ತಿರುಗುವ ಚಕ್ರ, ಇಸ್ಪೀಟಿನ ಮೇಜು, ಹಣ್ಣಿನ ಚಿತ್ರಗಳು ಉರುಳುವ ಪೆಟ್ಟಿಗೆ. ಹತ್ತು ಹದಿನೈದು ದಿನಗಳ ಅವಧಿ. ಅಷ್ಟರೊಳಗೆ ಗೊತ್ತಾದಷ್ಟು ‘ಕಾಯಿನ್’ ಕೂಡಿಸಿದವನಿಗೆ ಬೇರೆಲ್ಲೂ ಸಿಗದ ಒಂದು ಉಡುಪೋ ಆಯುಧವೋ ದೊರೆಯುತ್ತದೆ. ಕಡಮೆ ಹೊತ್ತಿನಲ್ಲಿ ಹೆಚ್ಚು ಕಾಯಿನ್ ಗಳಿಸುವ ಉಪಾಯ ಯಾವುದು ಎಂಬ ಬಗ್ಗೆ ನಮ್ಮ ಕಾಲೇಜಿನ ಬೇವಿನ ಮರದ ಕೆಳಗೆ ನಡೆಯುವ ಚರ್ಚೆಯ ಗಾಂಭೀರ್ಯವನ್ನು ಕಂಡರೆ, ಪಂಪನ ಪಾಠಕ್ಕೆ ಅದರಲ್ಲಿ ಕಾಲುಪಾಲು ದೊರೆಯಬಾರದೇ ಎಂದು ಯಾವ ಅಧ್ಯಾಪಕನಿಗಾದರೂ ಅನ್ನಿಸದಿರದು.

ಈ ಕುರಿತು ನಾನು ಕೇಳಿದಾಗ ಒಬ್ಬ ವಿದ್ಯಾರ್ಥಿ ಕೊಟ್ಟ ಉತ್ತರ ಮನನೀಯವಾಗಿದೆ. “ಅವ್ರೇ ಕೊಟ್ಟ ಕಾಯಿನ್ನು, ಅವ್ರೇ ಈಸ್ಕತ್ತಾರ. ನಮ್ದೇನ್ ಹೋದ್ದು ಸಾ?” ಎಂದ. “ಅವರೇ ಕೊಟ್ಟು ಅವರೇ ಈಸಿಕೊಳ್ಳುವುದಾದರೆ ನಡುವೆ ನೀನು ಯಾತಕ್ಕಪ್ಪ?” ಎಂದೆ. ಹುಡುಗರು ನಕ್ಕರು, ಅವನೂ ನಕ್ಕ. ಆದರೆ ಪ್ರಶ್ನೆ ನಗೆಯಲ್ಲಿ ಮುಗಿಯತಕ್ಕದ್ದಲ್ಲ.

ಮೊದಲು ಅವರ ಪ್ರಶ್ನೆಗೆ ಅವರ ನೆಲೆಯಲ್ಲಿಯೇ ಉತ್ತರ ಹುಡುಕೋಣ. ಹೆಚ್ಚು ಗಳಿಸುವ ಉಪಾಯ ಯಾವುದು? ಪಾಶ್ಚಾತ್ಯರ ರೂಲೆಟ್ ಚಕ್ರವನ್ನೇ ತೆಗೆದುಕೊಳ್ಳಿ. ಸೊನ್ನೆಯೂ ಸೇರಿ ಅದಕ್ಕೆ 37 ಮನೆಗಳು. ಒಂದು ಮನೆಯ ಮೇಲೆ ಒಂದು ನಾಣ್ಯವಿಟ್ಟು ಗೆದ್ದರೆ ಇಟ್ಟ ನಾಣ್ಯದ ಜೊತೆಗೆ 35 ನಾಣ್ಯ ಬರುತ್ತವೆ. ಈಗ ಒಬ್ಬ ಜಾಣನು 37 ಮನೆಗಳ ಮೇಲೂ ಒಂದೊಂದು ನಾಣ್ಯ ಇಟ್ಟನೆನ್ನಿ. ಅವನು ಸೋಲುವಂತೆಯೇ ಇಲ್ಲ. ಯಾವ ಮನೆ ಬಂದರೂ ಅವನದೇ. ಆದರೆ 37 ಇಟ್ಟವನ ಕೈಗೆ ಬರುವುದು 36. ಎಲ್ಲ ಮನೆಯಲ್ಲಿಯೂ ಗೆದ್ದವನು ಒಂದು ನಾಣ್ಯ ಕಳೆದುಕೊಂಡು ಏಳುತ್ತಾನೆ! ಆ ಒಂದು ನಾಣ್ಯವೇ ಜೂಜುಕಟ್ಟೆಯ ಒಡೆಯನ ಅನ್ನ. 1000 ನಾಣ್ಯವನ್ನು ಹೀಗೆ 37 ಸಲ ಪಣಕ್ಕೆ ಸುತ್ತಿಸಿದರೆ ಸರಾಸರಿಯ ಲೆಕ್ಕದಲ್ಲಿ ಆ ಸಾವಿರವೂ ಅವನ ಪಾಲು.

ಸೋತಾಗಲೆಲ್ಲ ಪಣವನ್ನು ಇಮ್ಮಡಿಸುತ್ತ ಹೋದರೆ ಎಂದಾದರೂ ಒಮ್ಮೆ ಗೆದ್ದು ನಷ್ಟವೆಲ್ಲ ತುಂಬುವುದು ಎಂಬ ಇನ್ನೊಂದು ಉಪಾಯವನ್ನು ಹುಡುಗರು ಬಹು ವಿಶ್ವಾಸದಿಂದ ಹೇಳುತ್ತಾರೆ. ಕೆಂಪು ಕಪ್ಪುಗಳ ಪಣದಲ್ಲಿ 10ರಿಂದ ಮೊದಲುಮಾಡಿ ಸತತ ಏಳು ಸಲ ಸೋತವನು 1270 ನಾಣ್ಯ ಕಳೆದಿರುತ್ತಾನೆ. ಎಂಟನೆಯ ಸಲ 1280 ಇಡಬೇಕು. ಗೆದ್ದರೆ ಕೊನೆಗೆ ಉಳಿಯುವ ಲಾಭ ಕೇವಲ 10. ಹೀಗೆ ಏಳು ಸಲ ಸೋಲುವುದು ಸುಮಾರು ನೂರಕ್ಕೊಮ್ಮೆ ಬರುವ ಸಂಗತಿ. ದಿನವೆಲ್ಲ ಆಡುವವನಿಗೆ ಅದು ಅಪರೂಪವಲ್ಲ. ಹತ್ತು ನಾಣ್ಯದ ಆಸೆಗೆ ಸಾವಿರದ ಗಂಟನ್ನು ಹೊಸ್ತಿಲಲ್ಲಿಡುವುದು ಯಾವ ಊರ ಜಾಣತನ?

ಆದ್ದರಿಂದ ಲೆಕ್ಕ ಬಲ್ಲವನ ಉತ್ತರ ಬಹು ಸರಳ: ದಿನದ ಉಚಿತ ನಾಣ್ಯವನ್ನು ತೆಗೆದುಕೋ, ಖಚಿತವಾಗಿ ಪ್ರತಿಫಲ ಬರುವ ಕೆಲಸವಿದ್ದರೆ ಮಾಡು, ಮೇಜಿನ ಬಳಿಗೆ ಹೋಗಬೇಡ. ಜೂಜುಕಟ್ಟೆಯಲ್ಲಿ ಅತ್ಯಂತ ದಕ್ಷವಾಗಿ ಗಳಿಸುವ ಉಪಾಯವೆಂದರೆ ಜೂಜಾಡದಿರುವುದು. ಇದನ್ನು ಆಟ ಕಟ್ಟಿದವರು ಬಲ್ಲರು. ಬಲ್ಲವರು ಮತ್ತೇಕೆ ಉಚಿತವಾಗಿ ಹಂಚುತ್ತಾರೆ?

‘ಗ್ರ್ಯಾಂಡ್ ಥೆಫ್ಟ್ ಆಟೊ ಆನ್‌ಲೈನ್’ ಎಂಬ ಲೋಕಪ್ರಸಿದ್ಧ ಆಟದೊಳಗೆ 2019ರ ಜುಲೈ 23ರಂದು ಒಂದು ಕ್ಯಾಸಿನೊ ತೆರೆಯಿತು. ಅಲ್ಲಿಗೆ ಬಂದವನಿಗೆ ದಿನಕ್ಕೆ 1000 ಬಿಲ್ಲೆಗಳ ಕಾಣಿಕೆ. ಅದೃಷ್ಟಚಕ್ರವನ್ನು ದಿನಕ್ಕೊಮ್ಮೆ ಪುಕ್ಕಟೆಯಾಗಿ ತಿರುಗಿಸುವ ಅವಕಾಶ. ಬಿಲ್ಲೆ ಸಾಲದಾದರೆ ನಿಜವಾದ ಹಣ ತೆತ್ತು ಆಟದ ಹಣವನ್ನು ಕೊಳ್ಳಬಹುದು, ಅದರಿಂದ ಬಿಲ್ಲೆಯನ್ನು ಕೊಳ್ಳಬಹುದು. ಗೆದ್ದ ಬಿಲ್ಲೆಯನ್ನು ಮಾತ್ರ ಮರಳಿ ರೂಪಾಯಿ ಮಾಡಿಕೊಳ್ಳುವಂತಿಲ್ಲ. ನೀರು ಒಳಕ್ಕೆ ಹರಿಯುವುದಕ್ಕೆ ತೂಬಿದೆ, ಹೊರಕ್ಕೆ ಬರುವುದಕ್ಕಿಲ್ಲ. ಹಾಗಿದ್ದೂ, ಅಲ್ಲಿನ ಜೂಜು ತಮ್ಮ ಕಾನೂನಿಗೆ ಒಗ್ಗದೆಂಬ ಕಾರಣದಿಂದ ಅನೇಕ ದೇಶಗಳ ಆಟಗಾರರಿಗೆ ಆ ಮೇಜುಗಳು ಮುಚ್ಚಿಯೇ ಇದ್ದುವು.

ದಿನದ ಕಾಣಿಕೆಯ ಮರ್ಮವನ್ನು ನಮ್ಮ ಕವಿಗಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಭಾರತದ ಸಭಾಪರ್ವವನ್ನು ಓದಿದವರು ಮೊದಲ ಜೂಜನ್ನು ನೆನೆಯುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಮೊದಲ ಜೂಜಿನಲ್ಲಿ ಧರ್ಮರಾಯ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಹೆಂಡತಿಯನ್ನೂ ಸೋತ. ಆಮೇಲೆ ಕುರುಡು ದೊರೆ ಹೆದರಿ ಸೋತದ್ದನ್ನೆಲ್ಲ ಹಿಂದಿರುಗಿಸಿದ. ಕಳೆದುಕೊಂಡ ರಾಜ್ಯ ಒಂದು ಕಾಸೂ ತೆರದೆ ಕೈಗೆ ಬಂತು. ಇಂದಿನ ಮಾತಿನಲ್ಲಿ ಇದಕ್ಕಿಂತ ದೊಡ್ಡ ಬೋನಸ್ಸು ಉಂಟೇ? ಆದರೆ ಮನೆಗೆ ಹೊರಟವನನ್ನು ದಾರಿಯಿಂದ ಮತ್ತೆ ಕರೆದರು. ಅವನು ಮತ್ತೆ ಬಂದ. ಈ ಸಲ ಒಂದೇ ಎಸೆತ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಬರಿಗೈಯಾದವನು ಮತ್ತೆ ಮೇಜಿಗೆ ಬರುವುದು ಹೇಗೆ? ಅವನ ಕೈಯಲ್ಲಿ ಏನಾದರೂ ಇರಬೇಕು. ಹಿಂದಿರುಗಿ ಬಂದ ರಾಜ್ಯವೇ ಎರಡನೆಯ ಪಣಕ್ಕೆ ದಾರಿಯಾಯಿತು. ಧೃತರಾಷ್ಟ್ರನು ಕೊಟ್ಟದ್ದು ಭಯದಿಂದಿರಬಹುದು. ಇಂದಿನ ಆಟದ ಒಡೆಯರು ಕೊಡುವುದು ಲೆಕ್ಕದಿಂದ. ಫಲ ಒಂದೇ.

ಅದೇ ಸಭೆಯಲ್ಲಿ ಇನ್ನೊಂದು ನಡತೆಯನ್ನೂ ವ್ಯಾಸರು ತೋರಿಸಿದ್ದಾರೆ. ದೊರೆ ದ್ರೌಪದಿಗೆ ವರ ಕೇಳೆಂದ. ಒಂದರಿಂದ ಧರ್ಮರಾಯನ ಬಿಡುಗಡೆ, ಇನ್ನೊಂದರಿಂದ ಉಳಿದ ನಾಲ್ವರ ಬಿಡುಗಡೆ. ಮೂರನೆಯದನ್ನೂ ಕೇಳು ಎಂದಾಗ ಅವಳು ಒಲ್ಲೆನೆಂದಳು. ಅಷ್ಟು ಅವಮಾನದ ನಡುವೆಯೂ ಎಲ್ಲಿ ನಿಲ್ಲಬೇಕೆಂಬುದನ್ನು ಬಲ್ಲವಳು ಆ ಸಭೆಯಲ್ಲಿ ಅವಳೊಬ್ಬಳೇ.

ಕಾನೂನು ಸುಮ್ಮನೆ ಕುಳಿತಿಲ್ಲವೆಂಬುದು ನಿಜ. ಕರ್ನಾಟಕ ಸರಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯಹೊರಟಿತು. ಅದರ ಮುಖ್ಯ ವಿಧಿಗಳನ್ನು ಉಚ್ಚ ನ್ಯಾಯಾಲಯ 2022ರ ಫೆಬ್ರವರಿ 14ರಂದು ರದ್ದುಮಾಡಿತು. ಅನಂತರ ಸಂಸತ್ತು 2025ರ ಆಗಸ್ಟಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಶಾಸನವನ್ನು ಅಂಗೀಕರಿಸಿತು. ಆ ತಿಂಗಳ 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಹಣದ ಆಟ ನಡೆಸುವವರಿಗೆ ಮೂರು ವರ್ಷಗಳವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ ಎಂದು ಅದು ವಿಧಿಸುತ್ತದೆ. ಹಣದ ಪಣವಿಲ್ಲದ ವಿನೋದದ ಆಟಗಳನ್ನು ಅದು ಬೇರೆಯಾಗಿಯೇ ಎಣಿಸುತ್ತದೆ. ಅದು ಸರಿಯೇ, ಕಾನೂನು ಮಕ್ಕಳ ಎಲ್ಲ ಆಟಕ್ಕೂ ಕೈಹಾಕಬಾರದು. ಆದರೆ ಜೂಜಿನ ಅಂಗಡಿ ಮುಚ್ಚಿದ ಮೇಲೆಯೂ ಜೂಜಿನ ಗರಡಿಮನೆ ತೆರೆದಿರಬಹುದೆಂಬುದನ್ನು ನಾವು ಮರೆಯಬಾರದು. ಚಕ್ರ ತಿರುಗುವಾಗ ಉಸಿರು ಹಿಡಿಯುವುದನ್ನು, ‘ಇನ್ನೊಂದೇ ಒಂದು ಸಲ’ ಎನ್ನುವುದನ್ನು ಹದಿನೈದನೆಯ ವಯಸ್ಸಿನಲ್ಲಿ ಬಿಲ್ಲೆಯಿಂದ ಕಲಿತ ಕೈಗೆ ಇಪ್ಪತ್ತೈದರಲ್ಲಿ ರೂಪಾಯಿ ಸಿಕ್ಕಿದರೆ ಹೊಸದಾಗಿ ಕಲಿಯಬೇಕಾದದ್ದು ಏನೂ ಉಳಿದಿರುವುದಿಲ್ಲ.

ಆಟವೇ ಬೇಡವೆನ್ನುವ ಶುಷ್ಕರ ಗುಂಪಿಗೆ ನಾನು ಸೇರಿದವನಲ್ಲ. ಚೌಕಾಬಾರದ ಕವಡೆ, ಅಳಗುಳಿಮಣೆಯ ಹುಣಿಸೆಬೀಜ ಇವು ನಮ್ಮ ಮನೆಗಳ ಜಗುಲಿಯನ್ನು ಬೆಳಗಿದ ವಸ್ತುಗಳು. ಮುಮ್ಮಡಿ ಕೃಷ್ಣರಾಜ ಒಡೆಯರು ಹಲವು ಹಲಗೆಯಾಟಗಳನ್ನು ಸ್ವತಃ ಕಲ್ಪಿಸಿದವರು. ಕವಡೆಯಲ್ಲಿಯೂ ದೈವದ ಕೈವಾಡ ಉಂಟು. ಆದರೆ ಆ ಆಟಕ್ಕೆ ಕೊನೆಯುಂಟು. ಗೆದ್ದವರು ಸೋತವರು ಒಟ್ಟಿಗೆ ಎದ್ದು ಊಟಕ್ಕೆ ಹೋಗುತ್ತಾರೆ. ಈ ಹೊಸ ಜಾತ್ರೆಯಲ್ಲಿ ಆಡುವವನ ಮುಖದಲ್ಲಿ ನಾನು ವಿನೋದವನ್ನು ಕಾಣೆ. ದಿನವೂ ತಪ್ಪದೆ ಹಾಜರಿ ಹಾಕಬೇಕು. ಇಷ್ಟು ಗಂಟೆಗೆ ಇಷ್ಟು ಕಾಯಿನ್ ಎಂದು ಲೆಕ್ಕವಿಡಬೇಕು. ತಪ್ಪಿದರೆ ಸಾಲು ಮುರಿಯುತ್ತದೆಂಬ ಭಯ ಬೇರೆ. ದಿನಕ್ಕೆ ನಾಲ್ಕು ಗಂಟೆಯಂತೆ ಹದಿನೈದು ದಿನಕ್ಕೆ 60 ಗಂಟೆ. ಇದು ಆಟದ ಹೆಸರಿನಲ್ಲಿ ಕೂಲಿಯಿಲ್ಲದ ದುಡಿಮೆ. ‘ದಕ್ಷತೆ’ ಎಂಬ ಮಾತು ಆಟದೊಳಕ್ಕೆ ಬಂದ ಕ್ಷಣವೇ ಆಟ ಹಿತ್ತಲ ಬಾಗಿಲಿನಿಂದ ಹೊರಟುಹೋಗುತ್ತದೆ.

ಹುಡುಗರಿಗೆ ದುಡಿಮೆಯ ಅಳತೆ ತಿಳಿಯದೆಂದಲ್ಲ. ನಮ್ಮ ಸೀಮೆ ರೇಷ್ಮೆಯ ಸೀಮೆ. ಹುಳು ಸಾಕಿದ ಮನೆಯ ಮಗ ನಾಲ್ಕು ಜ್ವರಗಳ ಲೆಕ್ಕವನ್ನು ಬಲ್ಲ. ಒಂದೊಂದು ಜ್ವರ ಎದ್ದ ಮೇಲೂ ಸೊಪ್ಪಿನ ಹೊರೆ ಎಷ್ಟು ಏರುತ್ತದೆಂಬುದನ್ನು ಬಲ್ಲ. ಚಂದ್ರಿಕೆಗೆ ಹುಳು ಬಿಡುವ ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ನಿದ್ರೆ ಮಾಡರೆಂಬುದನ್ನು ಬಲ್ಲ. ಅಲ್ಲಿಯೂ ಅದೃಷ್ಟವುಂಟು, ಬೇನೆ ಬಿದ್ದರೆ ಬೆಳೆ ಹೋಯಿತು, ಧಾರಣೆ ಇಳಿದರೆ ಲಾಭ ಹೋಯಿತು. ಆದರೆ ಆ ಅದೃಷ್ಟ ದುಡಿಮೆಯ ಬೆನ್ನ ಹಿಂದೆ ಬರುತ್ತದೆ. ಜೂಜಿನಲ್ಲಿ ಅದು ದುಡಿಮೆಯ ಪೀಠವನ್ನೇ ಏರಿ ಕೂರುತ್ತದೆ. ನನಗಿರುವ ಕಳವಳ ಹಣ ಹೋಗುವುದರ ಬಗ್ಗೆ ಮಾತ್ರವಲ್ಲ. ತಾಯಿತಂದೆಯರ ಆ ಮೂವತ್ತು ದಿನಗಳು ಮಗನ ಕಣ್ಣಿಗೆ ‘ದಕ್ಷವಲ್ಲದ’ ಗಳಿಕೆಯಾಗಿ ತೋರತೊಡಗಿದರೆ ಮುಂದೇನು ಎಂಬ ಬಗ್ಗೆ.

ಹಾಗಾದರೆ ಮದ್ದೇನು? ನಮ್ಮ ಪುರಾಣವೇ ಒಂದು ದಾರಿ ತೋರಿಸುತ್ತದೆ. ಕನಕದಾಸರು ನಮಗೆ ಕನ್ನಡದಲ್ಲಿ ಕೊಟ್ಟ ನಳನ ಕಥೆಯ ಮೂಲ ಭಾರತದಲ್ಲಿದೆ. ಜೂಜಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ನಳನು ಋತುಪರ್ಣ ರಾಜನ ಸಾರಥಿಯಾಗಿ ಹೋಗುತ್ತಿರುವಾಗ, ಆ ರಾಜ ದಾರಿಯ ತಾರೆಮರವೊಂದರ ಎಲೆ ಕಾಯಿಗಳನ್ನು ನಿಮಿಷಮಾತ್ರದಲ್ಲಿ ಎಣಿಸಿ ಹೇಳಿದನಂತೆ. ನಳನು ಅವನಿಂದ ಆ ಸಂಖ್ಯಾವಿದ್ಯೆಯನ್ನೂ ಅಕ್ಷಹೃದಯವನ್ನೂ ಕಲಿತ. ಕಲಿತೊಡನೆ ಅವನ ಮೈಯೊಳಗಿದ್ದ ಕಲಿ ಹೊರಬಿದ್ದ. ಪ್ರಾಚೀನರ ದಾಳಗಳು ಈ ತಾರೆಯ ಕಾಯಿಗಳೇ. ಯಳಂದೂರಿನ ಬಳಿಯ ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಈ ಮರ ಇಂದಿಗೂ ಇದೆ. ಕಲಿಯನ್ನು ಓಡಿಸಿದ್ದು ಉಪದೇಶವಲ್ಲ, ಶಾಪವಲ್ಲ, ಎಣಿಕೆ ಎಂಬುದನ್ನು ಗಮನಿಸಬೇಕು.

ಆದ್ದರಿಂದ ನನ್ನ ಸಲಹೆ ಇದು. ದ್ಯೂತಪ್ರಸಂಗವನ್ನು ಪಾಠ ಮಾಡುವ ದಿನ ಕನ್ನಡದ ಅಧ್ಯಾಪಕನು ಗಣಿತದ ಅಧ್ಯಾಪಕರನ್ನೂ ತರಗತಿಗೆ ಕರೆದುಕೊಂಡು ಬರಲಿ. ಒಬ್ಬರು ಧರ್ಮರಾಯನ ಮನಸ್ಸನ್ನು ಬಿಡಿಸಿ ತೋರಿಸಲಿ. ಇನ್ನೊಬ್ಬರು 37 ಮನೆಗಳ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯಲಿ. ಬೈದು ಬಿಡಿಸಿದ ಚಟ ಬಾಗಿಲ ಹಿಂದೆ ಅವಿತುಕೊಳ್ಳುತ್ತದೆ. ಲೆಕ್ಕ ತಿಳಿದು ಬಿಟ್ಟದ್ದು ಮರಳಿ ಬರುವುದು ಕಷ್ಟ. ಮನೆಯ ಹಿರಿಯರೂ ತಮ್ಮ ಹಣ ಪಾವತಿಯ ಗುಟ್ಟಿನ ಅಂಕಿಯನ್ನು ಮಕ್ಕಳ ಆಟಕ್ಕೆ ಸಡಿಲ ಬಿಡಬಾರದು.

ಜೊತೆಗೆ ಒಂದು ಕಥೆಯನ್ನೂ ಹೇಳಬಹುದು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ವಾಡಿಕೆಗಿಂತ ಹೆಚ್ಚಿಗೆ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಬಡವರ ಮನೆ, ಅಕ್ಕಿ ಕದ್ದದ್ದೂ ಅಲ್ಲ. ಆದರೂ ಅವಳು ಕೇಳಿದ ಪ್ರಶ್ನೆ ಎಷ್ಟು ಸಿಕ್ಕಿತು ಎಂಬುದಲ್ಲ, ನಮಗೆ ಇದು ಯಾತಕ್ಕೆ ಎಂಬುದು.

ಎಲ್ಲ ಕೊಸರನ್ನೂ ಹಿಂದಕ್ಕೆ ಸುರಿಯಬೇಕೆಂದು ನಾನು ಹೇಳುವವನಲ್ಲ. ಸೊಪ್ಪಿನವಳ ಒಂದು ಹಿಡಿಯನ್ನು ಸಂತೋಷದಿಂದ ಚೀಲಕ್ಕೆ ಹಾಕಿಕೊಳ್ಳೋಣ, ದುಡಿದವನ ಬೋನಸ್ಸನ್ನು ಹಕ್ಕಿನಿಂದ ಕೇಳಿ ಪಡೆಯೋಣ. ಆದರೆ ಮುಖ ಕಾಣದ ಕೈಯೊಂದು ದಿನವೂ ತಪ್ಪದೆ ಪುಕ್ಕಟೆ ನಾಣ್ಯ ನೀಡತೊಡಗಿದಾಗ ನಮ್ಮ ತರುಣರು ಲಕ್ಕಮ್ಮನ ಪ್ರಶ್ನೆಯನ್ನು ಒಮ್ಮೆ ಕೇಳಿಕೊಳ್ಳುವಂತಾದರೆ ಸಾಕು. ಉಳಿದ ಲೆಕ್ಕವನ್ನು ಅವರೇ ಮಾಡಿಕೊಳ್ಳುತ್ತಾರೆ.