ಆಷಾಢದ ಡಿಸ್ಕೌಂಟೂ ಅಮೆರಿಕದ ಸ್ಕಾಲರ್‌ಶಿಪ್ಪೂ

ಎರಡು ವರ್ಷದ ಹಿಂದೆ ಯುಗಾದಿಯ ಹೊತ್ತಿಗೆ ನ್ಯೂಜೆರ್ಸಿಯ ತಮ್ಮನ ಮನೆಯಲ್ಲಿದ್ದೆ. ಊಟದ ಮೇಜಿನ ಅರ್ಧದಷ್ಟು ಲಕೋಟೆಗಳೇ. ತಟ್ಟೆ ಇಡಲು ಜಾಗವಿಲ್ಲ. ತಮ್ಮನ ಮಗಳು ಹನ್ನೆರಡನೇ ಕ್ಲಾಸು. ಒಂದೊಂದು ಲಕೋಟೆಯೂ ಒಂದೊಂದು ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದ್ದು. "ನೋಡಣ್ಣ, ಇವರು ವರ್ಷಕ್ಕೆ ಇಪ್ಪತ್ತು ಸಾವಿರ ಡಾಲರ್ ಮೆರಿಟ್ ಸ್ಕಾಲರ್‌ಶಿಪ್ ಕೊಟ್ಟಿದ್ದಾರೆ" ಎಂದು ತಮ್ಮ ಒಂದು ಕಾಗದವನ್ನು ನನ್ನ ಕಡೆ ತಳ್ಳಿದ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ಸವೆಸಿದವನು. "ಅಷ್ಟು ಕಳೆದ ಮೇಲೆ ನೀನು ಕಟ್ಟಬೇಕಾದ್ದೆಷ್ಟು?" ಎಂದೆ. ಕಾಗದವನ್ನು ತಿರುಗಿಸಿ ಮಗುಚಿ ನೋಡಿದೆವು. ಆ ಅಂಕಿಯೊಂದು ಬಿಟ್ಟು ಅದರಲ್ಲಿ ಎಲ್ಲವೂ ಇತ್ತು, ಫುಟ್ಬಾಲ್ ಮೈದಾನದ ಚಿತ್ರ ಕೂಡ.

ಅಲ್ಲಿ 'ಟ್ಯೂಷನ್' ಎಂದರೆ ಸಂಜೆಯ ಮನೆಪಾಠವಲ್ಲ, ಕಾಲೇಜಿನ ಫೀಸು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೆ ಎರಡು ದರ: ಆ ರಾಜ್ಯದವರಿಗೊಂದು, ಹೊರಗಿನವರಿಗೊಂದು. ನಮಗಿದು ಹೊಸದೇನಲ್ಲ. ಸಿಇಟಿಯಲ್ಲಿ ಸರ್ಕಾರಿ ಸೀಟು ಬೇಕೆಂದರೆ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು ಎಂದು ಶಾಲೆ ಶಾಲೆ ಅಲೆದು ವ್ಯಾಸಂಗ ಪ್ರಮಾಣಪತ್ರ ತಂದವರಿಗೆ ತರ್ಕ ತಕ್ಷಣ ಹೊಳೆಯುತ್ತದೆ. ರಾಜ್ಯದ ತೆರಿಗೆಯಲ್ಲಿ ನಡೆಯುವ ಸಂಸ್ಥೆ, ತೆರಿಗೆ ಕಟ್ಟಿದವರ ಮಕ್ಕಳಿಗೆ ಅಗ್ಗ. ಬೆರಗಾಗಿಸುವುದು ಎರಡು ದರಗಳ ನಡುವಿನ ಅಂತರ. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ 2023-24ರಲ್ಲಿ ಮೊದಲ ವರ್ಷಕ್ಕೆ ಸ್ಥಳೀಯರು ಸುಮಾರು 17,000 ಡಾಲರ್ ಕಟ್ಟಿದರೆ ಹೊರಗಿನವರದ್ದು 57,000 ದಾಟಿತ್ತು. ಯುನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ (ಯುಸಿ) ಕ್ಯಾಂಪಸ್‌ಗಳಲ್ಲಿ ಹೊರಗಿನವರೆಂಬ ಕಾರಣಕ್ಕೆ ಬೀಳುವ ಹೆಚ್ಚುವರಿ ಶುಲ್ಕವೇ 2024-25ರಲ್ಲಿ 34,000ಕ್ಕೂ ಮೇಲಿತ್ತು. ಊಟ, ರೂಮು, ಪುಸ್ತಕ, ವಿಮಾನದ ಟಿಕೆಟ್ಟು ಎಲ್ಲ ಬೇರೆ.

ಈ ಬೆಲೆಯ ಮೇಲೆ ಬಂದು ಕೂರುವುದು ಮೆರಿಟ್ ಸ್ಕಾಲರ್‌ಶಿಪ್. ಮಗಳು ಗೆದ್ದ ಬಹುಮಾನ ಎಂದೇ ಅಪ್ಪ ಅಮ್ಮ ನಂಬುತ್ತಾರೆ, ವಾಟ್ಸ್‌ಆ್ಯಪ್‌ನಲ್ಲಿ ಹಂಚುತ್ತಾರೆ. ನನಗೆ ನೆನಪಾದದ್ದು ಆಷಾಢ. ಮದುವೆಯಿಲ್ಲದ ತಿಂಗಳು, ಸೀರೆ ಅಂಗಡಿಗಳ ಮುಂದೆ ರಿಯಾಯಿತಿಯ ಬೋರ್ಡು. ಬೆಲೆಚೀಟಿ ಅಂಟಿಸಿದವನೂ ಅವನೇ, ಅದರಲ್ಲಿ ಅರ್ಧ ಬಿಟ್ಟವನೂ ಅವನೇ. ಮಿಷಿಗನ್‌ಗಾಗಲೀ ಯುಸಿಯ ಬರ್ಕ್ಲಿಗಾಗಲೀ ಆಷಾಢ ಬರುವುದಿಲ್ಲ. ಅರ್ಜಿ ಹಾಕಿದವರ ಸಾಲು ಅಷ್ಟು ಉದ್ದ. ಅಲ್ಲಿ ಸ್ಕಾಲರ್‌ಶಿಪ್ ಕೇಳುವುದೆಂದರೆ ಆಯುಧಪೂಜೆಯ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಸೇವಂತಿಗೆಗೆ ಚೌಕಾಸಿ ಮಾಡಿದಂತೆ.

ಆಷಾಢವನ್ನು ವರ್ಷವಿಡೀ ನಡೆಸುವ ಅಂಗಡಿ ಅಲಬಾಮಾ. ಟಸ್ಕಲೂಸಾ ಎಂಬ ಊರಿನ ಆ ವಿಶ್ವವಿದ್ಯಾಲಯ ಇಪ್ಪತ್ತು ವರ್ಷದ ಹಿಂದೆ ಒಂದು ನಿರ್ಧಾರ ಮಾಡಿತು: ರಾಜ್ಯದ ಅನುದಾನ ನಂಬಿ ಕೂರುವ ಬದಲು ಹೊರಗಿನಿಂದ ಮಕ್ಕಳನ್ನು ತರೋಣ. ಈಗ ಅಲ್ಲಿನ ಪದವಿ ವಿದ್ಯಾರ್ಥಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರರಾಜ್ಯದವರು. ಎಸ್‌ಎಟಿ ಪರೀಕ್ಷೆಯ ಇಂಥ ಅಂಕಕ್ಕೆ, ಇಂಥ ಜಿಪಿಎಗೆ (ಅಂಕಗಳ ಸರಾಸರಿಗೆ) ಇಷ್ಟು ಎಂದು ಪಟ್ಟಿಯನ್ನೇ ಮಾಡಿ ಎದುರಿಗಿಡುತ್ತಾರೆ. ಪ್ರಬಂಧ ಬರೆದು ಬೇಡಬೇಕಿಲ್ಲ, ಸಂದರ್ಶನವಿಲ್ಲ. ಈ ನೇರವಂತಿಕೆ ನನಗೆ ಹಿಡಿಸಿತು, ದರಪಟ್ಟಿ ತೂಗುಹಾಕಿದ ದರ್ಶಿನಿಯ ಹಾಗೆ. ಆಗ ಹೊರಗಿನವರ ಫೀಸು ಸುಮಾರು 33,000, ಸ್ಥಳೀಯರದ್ದು ಸುಮಾರು 12,000 ಇತ್ತು. ಪಟ್ಟಿಯ ಮೇಲಿನ ಮೆಟ್ಟಿಲಲ್ಲಿ ವರ್ಷಕ್ಕೆ 28,000 ಡಾಲರ್ ಸ್ಕಾಲರ್‌ಶಿಪ್ ಇತ್ತು. ನಮ್ಮ ಹುಡುಗಿಯ ಅಂಕ ಆ ಮೆಟ್ಟಿಲಿಗೆ ಮುಟ್ಟಿತ್ತು.

ಇದರಿಂದ ಅವರಿಗೇನು ಲಾಭ? ಮೆಟ್ಟಿಲು ಇಳಿದು ನೋಡಿ. ನಡುವಿನ ಅಂಕದ ಹುಡುಗನಿಗೆ 15,000 ಬಿಟ್ಟರು ಎಂದಿಟ್ಟುಕೊಳ್ಳಿ. ಆಗಲೂ ಅವನಿಂದ 18,000 ಬರುತ್ತದೆ, ಸ್ಥಳೀಯನಿಂದ ಬರುವುದು 12,000. ರಿಯಾಯಿತಿ ಕೊಟ್ಟೂ 6,000 ಹೆಚ್ಚು. ಅವನ ಅಪ್ಪ ಅಮ್ಮನಿಗೋ ಮಗ ಸ್ಕಾಲರ್‌ಶಿಪ್ಪಿನಲ್ಲಿ ಓದುತ್ತಿದ್ದಾನೆಂಬ ಸಂಭ್ರಮ. ಮೇಲಿನ ಮೆಟ್ಟಿಲಿನವರ ವಿಷಯದಲ್ಲಿ ವಿಶ್ವವಿದ್ಯಾಲಯ ಕಳೆದುಕೊಳ್ಳುವುದು ನಿಜ. ಆದರೆ ಅವರ ಅಂಕಗಳು ಸಂಸ್ಥೆಯ ಸರಾಸರಿಯನ್ನು ಎತ್ತುತ್ತವೆ, ಅದನ್ನು ನೋಡಿ ಪೂರ್ತಿ ಫೀಸು ಕಟ್ಟುವವರು ಬರುತ್ತಾರೆ.

ಸ್ಕಾಲರ್‌ಶಿಪ್ಪಿನ ಗಾತ್ರ ಎಷ್ಟು ಮೋಸದ ಅಳತೆ ಎಂಬುದಕ್ಕೆ ಟೆಕ್ಸಾಸ್ ನೋಡಬೇಕು. ಅಲ್ಲಿನ ಕಾನೂನಿನಲ್ಲಿ ಒಂದು ಸಣ್ಣ ಕಿಂಡಿಯಿದೆ. ಸ್ಪರ್ಧೆಯ ಮೂಲಕ ಕನಿಷ್ಠ 1,000 ಡಾಲರಿನ ಸ್ಕಾಲರ್‌ಶಿಪ್ ಪಡೆದ ಹೊರರಾಜ್ಯದ ವಿದ್ಯಾರ್ಥಿಗೆ ಸರ್ಕಾರಿ ವಿಶ್ವವಿದ್ಯಾಲಯ ಸ್ಥಳೀಯರ ದರವನ್ನೇ ಹಾಕಬಹುದು. ಎಲ್ಲರಿಗೂ ಅಲ್ಲ, ಇಷ್ಟು ಮಂದಿಗೆ ಎಂಬ ಮಿತಿಯುಂಟು. ಕಾಗದದಲ್ಲಿ ಕಾಣುವುದು ಜುಜುಬಿ ಸಾವಿರ. ಫೀಸಿನಲ್ಲಿ ಇಳಿಯುವುದು ಅದರ ಎಷ್ಟೋ ಪಟ್ಟು. ಇದಕ್ಕೆ ತದ್ವಿರುದ್ಧ, ತಮ್ಮನಿಗೆ ಇಪ್ಪತ್ತು ಸಾವಿರ ತೋರಿಸಿದ್ದ ಆ ಮೊದಲ ಲಕೋಟೆಯವರ ವೆಬ್‌ಸೈಟಿನಲ್ಲಿ ಹುಡುಕಿದಾಗ ಕೊನೆಗೆ ಸಿಕ್ಕ ಬಾಕಿ 38,000! ಪಶ್ಚಿಮದ ರಾಜ್ಯಗಳವರು ತಮ್ಮತಮ್ಮಲ್ಲೇ ಇನ್ನೊಂದು ಒಪ್ಪಂದ ಮಾಡಿಕೊಂಡಿದ್ದಾರೆ: ಒಪ್ಪಂದಕ್ಕೆ ಸೇರಿದ ಕಾಲೇಜು, ಕೋರ್ಸುಗಳಲ್ಲಿ ನೆರೆರಾಜ್ಯದ ಮಕ್ಕಳಿಗೆ ಸ್ಥಳೀಯ ದರದ ಒಂದೂವರೆ ಪಟ್ಟಿಗಿಂತ ಹೆಚ್ಚು ಹಾಕುವಂತಿಲ್ಲ. ನ್ಯೂಜೆರ್ಸಿಯವರಿಗೆ ಆ ಭಾಗ್ಯವಿಲ್ಲ.

ಆ ರಾತ್ರಿ ನಾನೂ ಮಗಳೂ ಲೆಕ್ಕಕ್ಕೆ ಕೂತೆವು. "ದೊಡ್ಡಪ್ಪ, ಅಲಬಾಮಾದಲ್ಲಿ ಐದು ಸಾವಿರ ಇಂಟು ನಾಲ್ಕು, ಇಪ್ಪತ್ತು ಸಾವಿರ" ಎಂದಳು. ಅಲ್ಲ ಕಂದ ಎಂದೆ. ಸ್ಕಾಲರ್‌ಶಿಪ್ 28,000ದಲ್ಲೇ ನಿಂತಿರುತ್ತದೆ, ಫೀಸು ನಿಲ್ಲುವುದಿಲ್ಲ. ವರ್ಷಕ್ಕೆ ನೂರಕ್ಕೆ ಮೂರರಂತೆ ಏರಿದರೂ ನಾಲ್ಕನೇ ವರ್ಷ ಫೀಸು 36,000 ದಾಟಿ, ಬಾಕಿ 8,000 ಆಗುತ್ತದೆ. ನಾಲ್ಕೂ ವರ್ಷದ್ದು ಸೇರಿದರೆ 26,000. ಜಿಪಿಎ 3.0ಕ್ಕಿಂತ ಕೆಳಗಿಳಿದರೆ ಸ್ಕಾಲರ್‌ಶಿಪ್ಪಿಗೇ ಕುತ್ತು. ಎಂಜಿನಿಯರಿಂಗ್ ಓದುವವರಿಗೆ ಇದು ತಮಾಷೆಯ ಮಾತಲ್ಲ. ಮೊತ್ತ ನಿಗದಿಯೋ, ಫೀಸಿನ ಜೊತೆ ಏರುವುದೋ ಎಂಬ ಒಂದು ಪ್ರಶ್ನೆಯನ್ನು ತಮ್ಮ ಯಾರನ್ನೂ ಕೇಳಿರಲಿಲ್ಲ. ಪ್ರತಿ ಕಾಲೇಜೂ ಬಾಕಿ ಅಂದಾಜು ಮಾಡುವ ಕ್ಯಾಲ್ಕ್ಯುಲೇಟರನ್ನು ತನ್ನ ವೆಬ್‌ಸೈಟಿನಲ್ಲಿ ಇಡಬೇಕೆಂದು 2011ರಿಂದ ಅಮೆರಿಕದಲ್ಲಿ ಕಾನೂನೇ ಇದೆ. ಹುಡುಕಿ ತೆಗೆಯಲು ನಮಗೆ ಇಪ್ಪತ್ತು ನಿಮಿಷ ಬೇಕಾಯಿತು.

ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಇದೇ ಮಾತು. ಅಲ್ಲಿ ಕೇಳಿದ ಒಂದು ಸಂಗತಿ ಮನಸ್ಸಿನಲ್ಲಿ ಉಳಿದಿದೆ. ಎಚ್-1ಬಿ ವೀಸಾದವರ ಮಕ್ಕಳು ಎಚ್-4ನಲ್ಲಿರುತ್ತಾರೆ. ಎಷ್ಟೋ ಮಕ್ಕಳು ಎರಡು ಮೂರರ ವಯಸ್ಸಿಗೆ ಬಂದವರು, ಬೇರೆ ದೇಶದ ನೆನಪಿಲ್ಲದವರು. ಅವರಿಗೆ ಕೇಂದ್ರ ಸರ್ಕಾರದ ನೆರವಿಲ್ಲ. ಅಪ್ಪ ಅಮ್ಮ ನೆಲೆಸಿದ ರಾಜ್ಯದಲ್ಲಿ ಸ್ಥಳೀಯ ದರ ಸಾಮಾನ್ಯವಾಗಿ ಸಿಗುತ್ತದೆ, ಆದರೆ ಇಪ್ಪತ್ತೊಂದು ತುಂಬಿದ ದಿನ ಎಚ್-4 ಮುಗಿಯುತ್ತದೆ. ಗ್ರೀನ್ ಕಾರ್ಡಿನ ಸಾಲು ಭಾರತದವರಿಗೆ ದಶಕಗಳಷ್ಟು ಉದ್ದ. ಹುಡುಗ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಆಗ ಕೆಲವು ಕಡೆ ಅವನು ಆ ರಾಜ್ಯದವನಾಗಿಯೂ ಉಳಿಯುವುದಿಲ್ಲ. ಮೂರನೇ ವರ್ಷದವರೆಗೆ ಮನೆಮಗ, ನಾಲ್ಕನೇ ವರ್ಷ ಪರದೇಶಿ. ಇಂಥ ಮನೆಗಳವರು ಸ್ಕಾಲರ್‌ಶಿಪ್ಪಿನ ಪತ್ರವನ್ನು ಓದುವ ಬಗೆಯೇ ಬೇರೆ. ಅಲ್ಲಿ ಸಂಭ್ರಮಕ್ಕಿಂತ ಮೊದಲು ಜನ್ಮದಿನಾಂಕದ ಲೆಕ್ಕ.

ಇಷ್ಟೆಲ್ಲ ಹೇಳಿ ಒಂದು ಇರಿಸುಮುರುಸನ್ನು ಮುಚ್ಚಿಡಲಾರೆ. ಅಲಬಾಮಾ ಅಮೆರಿಕದ ಬಡ ರಾಜ್ಯಗಳಲ್ಲೊಂದು. ಅಲ್ಲಿನ ಜಾಣ ಮಕ್ಕಳಿಗೂ ಸ್ಕಾಲರ್‌ಶಿಪ್ ಇದೆ, ತೀರಾ ಬಡವರಿಗೆ ಕೇಂದ್ರದ ಪೆಲ್ ಗ್ರ್ಯಾಂಟ್ ಇದೆ. ಎರಡಕ್ಕೂ ಸಿಗದ ಲಾರಿ ಡ್ರೈವರನ ಮಗ, ಸಾಧಾರಣ ಅಂಕದವನು, ತನ್ನದೇ ರಾಜ್ಯದಲ್ಲಿ 12,000 ಕಟ್ಟುತ್ತಾನೆ. ಇಬ್ಬರು ಸಾಫ್ಟ್‌ವೇರ್ ಎಂಜಿನಿಯರುಗಳ ಮಗಳು, ನಮ್ಮವಳು, ಸಾವಿರ ಮೈಲಿ ದೂರದಿಂದ ಹೋಗಿ 5,000 ಕಟ್ಟುತ್ತಾಳೆ. ನಾರ್ತ್ ಕೆರೊಲಿನಾದವರು 1986ರಲ್ಲೇ ಹೊರಗಿನವರು ನೂರಕ್ಕೆ ಹದಿನೆಂಟು ಮೀರಬಾರದೆಂದು ಬೇಲಿ ಹಾಕಿದ್ದರು. ಕ್ಯಾಲಿಫೋರ್ನಿಯಾದ ಯುಸಿ ಕೂಡ 2017ರಲ್ಲಿ ತನ್ನ ಹಲವು ಕ್ಯಾಂಪಸ್‌ಗಳಿಗೆ ಅದೇ ಹದಿನೆಂಟರ ಮಿತಿ ಹಾಕಿತು. ಸರ್ಕಾರಿ ಎಂಬ ಹೆಸರು ಇಟ್ಟುಕೊಂಡ ಮೇಲೆ ಅಂಥ ಬೇಲಿ ಇರಬೇಕೆಂಬುದೇ ನನ್ನ ಮತ. ತಮ್ಮನಿಗೆ ಇದನ್ನು ಹೇಳಿದೆ. "ಬೇಲಿ ಹಾಕೋದು ಮುಂದಿನ ವರ್ಷದಿಂದ ಆಗ್ಲಿ ಅಣ್ಣ" ಎಂದ.

ಮಗಳು ಅಲಬಾಮಾಕ್ಕೇ ಸೇರಿದಳು. ನೆವಾರ್ಕಿನಿಂದ ಬರ್ಮಿಂಗ್‌ಹ್ಯಾಮಿಗೆ ವಿಮಾನ, ಅಲ್ಲಿಂದ ಒಂದು ಗಂಟೆ ಕಾರು. ಕೂಟದ ಸಮಾರಂಭಗಳಲ್ಲಿ ಈಗಲೂ ಯಾರಾದರೂ ಹುಬ್ಬೇರಿಸಿ "ಅಯ್ಯೋ, ಅಲಬಾಮಾನಾ?" ಎನ್ನುತ್ತಾರಂತೆ. ಮೊದಮೊದಲು ತಮ್ಮ ಸ್ಕಾಲರ್‌ಶಿಪ್ಪಿನ ಮೊತ್ತ ಹೇಳುತ್ತಿದ್ದ. ಈಗ ಬಾಕಿಯನ್ನಷ್ಟೇ ಹೇಳುತ್ತಾನೆ.