ಪಾದ್ರಿ ಇಲ್ಲದ ಎಂಟು ತಿಂಗಳು

ನಮ್ಮ ಹಾಸ್ಟೆಲಿನ ಗೆಳೆಯನೊಬ್ಬ ರಜೆ ಮುಗಿಸಿ ಊರಿಂದ ವಾಪಸ್ ಬಂದವನು ಒಂದು ಸುದ್ದಿ ತಂದ. ಅವರ ಕೇರಿಯ ಚರ್ಚಿಗೆ ಎಂಟು ತಿಂಗಳಿಂದ ಪಾದ್ರಿ ಇಲ್ಲ. ಇದ್ದವರಿಗೆ ವರ್ಗ ಆಯಿತು. ಕೇರಿಯವರು ಶಾಲು ಹೊದಿಸಿ, ಹಾರ ಹಾಕಿ, ಹೆಂಗಸರು ಕಣ್ಣೀರು ಒರೆಸಿಕೊಂಡು, ಅವರ ಸಾಮಾನನ್ನು ಟೆಂಪೋಗೆ ಏರಿಸಿ ಕಳಿಸಿದರು. ಹೊಸಬರು ಮುಂದಿನ ತಿಂಗಳು ಬರ್ತಾರೆ ಅಂತ ಮೇಲಿನವರು ಹೇಳಿದರು. ಆ ಮುಂದಿನ ತಿಂಗಳು ಇನ್ನೂ ಬಂದಿಲ್ಲ.

ನಾವು ಮೂವರು ಬಸ್ಸು ಹತ್ತಿ ಹೋಗಿ, ಎರಡು ಭಾನುವಾರ ಅಲ್ಲಿದ್ದು ನೋಡಿ ಬಂದೆವು. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ನಮಗೇನೂ ಆಗಲ್ಲ, ಅಲ್ಲಿ ಬದುಕಬೇಕಾದವರಿಗೆ ಆಗುತ್ತೆ.

ಕೆಲವು ಗೆಳೆಯರು ಈಗಲೇ ಹುಬ್ಬು ಗಂಟಿಕ್ಕುತ್ತಾರೆ, ಗೊತ್ತು. ಚರ್ಚಿನ ವಿಷಯ ನಮ್ಮ ಪತ್ರಿಕೆಗೆ ಯಾಕೆ? ದೇವರು, ಪಾದ್ರಿ, ಪೂಜಾರಿ ಎಲ್ಲ ಒಂದೇ ಹಗ್ಗದ ಎಳೆಗಳಲ್ಲವೇ? ಮತಾಂತರ ಆದವರು ನಮ್ಮನ್ನು ಬಿಟ್ಟು ಹೋದವರಲ್ಲವೇ?

ಬಿಟ್ಟು ಹೋದರು ಅನ್ನುವವರು ಒಂದು ಸಲ ಆ ಕೇರಿಗೆ ಹೋಗಿ ನೋಡಬೇಕು. ಬಿಟ್ಟು ಎಲ್ಲಿಗೆ ಹೋದರು? ಅದೇ ಕೇರಿ, ಅದೇ ಗುಡಿಸಲು ಸಾಲು, ಅದೇ ಗೌಡರ ಗದ್ದೆಯ ಕೂಲಿ. ಅಣ್ಣನ ಮನೆಯಲ್ಲಿ ಮಾರಮ್ಮ, ತಮ್ಮನ ಮನೆಯಲ್ಲಿ ಯೇಸು. ಊರಿನ ಹೋಟೆಲಿನವನಿಗೆ ಇಬ್ಬರೂ ಒಂದೇ. ಸರ್ಕಾರಕ್ಕೆ ಮಾತ್ರ ಬೇರೆ ಬೇರೆ. 1950ರ ಆಗಸ್ಟ್ 10ರಂದು ಹೊರಬಿದ್ದ ರಾಷ್ಟ್ರಪತಿಗಳ ಆದೇಶ ಹಿಂದೂ ಅಲ್ಲದವರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ ದಲಿತನೂ ಮುಸ್ಲಿಂ ದಲಿತನೂ ಬಾಗಿಲ ಹೊರಗೇ ನಿಂತರು.

ಮದರಾಸಿನ ರಸ್ತೆ ಬದಿಯಲ್ಲಿ ಚಪ್ಪಲಿ ಹೊಲೆಯುತ್ತಿದ್ದ ಸೂಸೈ ಎಂಬುವರ ಕತೆ ನಮ್ಮ ಕಾನೂನು ಓದುವ ಹುಡುಗರಿಗೆ ಗೊತ್ತಿರಬೇಕು. ಪಕ್ಕದಲ್ಲಿ ಕೂತು ಅದೇ ಕೆಲಸ ಮಾಡುವ ಹಿಂದೂ ದಲಿತರಿಗೆ ಸರ್ಕಾರ ಪುಕ್ಕಟೆ ಪೆಟ್ಟಿಗೆ ಅಂಗಡಿ ಕೊಟ್ಟಿತು. ಇವರು ಕ್ರೈಸ್ತರು ಅಂತ ಇವರಿಗೆ ಇಲ್ಲ. ಸುಪ್ರೀಂ ಕೋರ್ಟಿನ ತನಕ ಹೋದರು. 1985ರಲ್ಲಿ ಕೋರ್ಟು ಹೇಳಿದ್ದು ಇಷ್ಟು: ಮತಾಂತರದ ನಂತರವೂ ಜಾತಿ ಮುಂದುವರಿದಿದೆ ಅಂತ ತೋರಿಸಿದರೆ ಸಾಲದು, ಹೊಸ ಮತದೊಳಗೂ ಅಷ್ಟೇ ತೀವ್ರವಾದ ಕಷ್ಟ ಇದೆ ಅಂತ ಸಾಬೀತು ಮಾಡಬೇಕು. ಅದೇ ಚರ್ಮ, ಅದೇ ಉಳಿ, ಅದೇ ಬಿಸಿಲು. ಸಾಬೀತಿಗೆ ಇನ್ನೇನು ಬೇಕಿತ್ತೋ! 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಮತದ ಬೇಲಿ ತೆಗೆಯಿರಿ ಅಂತ ವರದಿ ಕೊಟ್ಟಿತು. 2022ರಲ್ಲಿ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಇನ್ನೊಂದು ಆಯೋಗ ಮಾಡಿತು. ಆಯೋಗದ ಮೇಲೆ ಆಯೋಗ.

ಆದ್ದರಿಂದ ಚರ್ಚಿನೊಳಗೆ ಏನಾಗುತ್ತೆ ಅನ್ನುವುದು ಕೇರಿಯ ವಿಷಯ. ಕೇರಿಯ ವಿಷಯ ನಮ್ಮ ವಿಷಯ. ಈಗ ಆ ಎಂಟು ತಿಂಗಳಿಗೆ ಬರೋಣ.

ಪಾದ್ರಿ ಇಲ್ಲದಿದ್ದರೆ ಏನು ನಿಲ್ಲುತ್ತೆ? ಮೊದಲು ಕರ್ತನ ಭೋಜನ ನಿಲ್ಲುತ್ತೆ. ದಕ್ಷಿಣ ಇಂಡಿಯಾ ಸಭೆಯ ಕ್ರಮದಲ್ಲಿ ಪ್ರಾರ್ಥನೆಯನ್ನು ಉಪದೇಶಿಯೋ ಸಭೆಯ ಹಿರಿಯರೋ ನಡೆಸಬಹುದು; ರೊಟ್ಟಿ ಮುರಿಯಲು ದೀಕ್ಷೆ ಪಡೆದ ಪಾದ್ರಿಯೇ ಬೇಕು. ಪಕ್ಕದ ತಾಲ್ಲೂಕಿನ ಪಾದ್ರಿಗೆ ಈ ಚರ್ಚಿನ ಹೆಚ್ಚುವರಿ ಹೊಣೆ ಕೊಟ್ಟಿದ್ದಾರೆ. ಅವರಿಗೆ ತಮ್ಮದೇ ನಾಲ್ಕು ಊರು. ತಿಂಗಳಿಗೊಮ್ಮೆ ಸ್ಕೂಟರಿನಲ್ಲಿ ಬಂದು, ಗಂಟೆ ನೋಡಿಕೊಂಡು ಪ್ರಸಂಗ ಮಾಡಿ ಹೋಗ್ತಾರೆ. ಅವರದು ತಪ್ಪಿಲ್ಲ. ಒಬ್ಬ ಮನುಷ್ಯನಿಗೆ ಎಷ್ಟು ಭಾನುವಾರ ಇರುತ್ತೆ?

ಆಮೇಲೆ ಮದುವೆ ನಿಲ್ಲುತ್ತೆ. 1872ರ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಮದುವೆ ನಡೆಸಲು ದೀಕ್ಷೆಯ ಪಾದ್ರಿ ಬೇಕು, ಇಲ್ಲವೇ ಸರ್ಕಾರದ ಲೈಸೆನ್ಸು ಇರುವವರು ಬೇಕು, ಇಲ್ಲವೇ ವಿವಾಹ ರಿಜಿಸ್ಟ್ರಾರು ಬೇಕು. ಆ ಕೇರಿಯಲ್ಲಿ ಒಂದು ಮದುವೆ ಎರಡು ಸಲ ಮುಂದಕ್ಕೆ ಹೋಯಿತು. ಹುಡುಗಿಯ ಅಪ್ಪ ಸಾಲ ಮಾಡಿ ತಂದ ಅಕ್ಕಿಗೆ ಹುಳ ಬಿತ್ತು. ಬಡ್ಡಿಗೆ ಮಾತ್ರ ಪಾದ್ರಿ ಬೇಕಿಲ್ಲ, ಅದು ತಿಂಗಳು ತಿಂಗಳು ತಾನಾಗೇ ಬರುತ್ತೆ.

ಸಾವು ಮಾತ್ರ ಕಾಯುವುದಿಲ್ಲ. ನಾವು ಹೋಗುವ ಮುಂಚೆ ಅಲ್ಲಿ ಒಬ್ಬ ಮುದುಕಿ ಸತ್ತಿದ್ದಳು. ಎಪ್ಪತ್ತು ವರ್ಷ ಕೂಲಿ ಮಾಡಿದ ಕೈ. ಹೊಣೆ ಹೊತ್ತ ಪಾದ್ರಿಗೆ ಫೋನು ಮಾಡಿದರೆ ಅವರು ದೂರದ ಊರಿನಲ್ಲಿದ್ದರು. ಗಂಡಸರು ಜಗಲಿ ಮೇಲೆ ಕೂತು, ಪಾದ್ರಿ ಇಲ್ಲದೆ ಮಣ್ಣು ಮಾಡಬಹುದೋ ಬಾರದೋ ಅಂತ ಚರ್ಚೆ ಮಾಡ್ತಾ ಮಾಡ್ತಾ ಹೊತ್ತು ಇಳಿಯಿತು. ಕಡೆಗೆ ಹೆಂಗಸರೇ ಎದ್ದರು. ಅಂಗನವಾಡಿಯಲ್ಲಿ ಕೆಲಸ ಮಾಡುವ ಒಬ್ಬ ಅಕ್ಕ ಪ್ರಾರ್ಥನೆ ಪುಸ್ತಕ ತೆಗೆದುಕೊಂಡು ಓದಿದಳು. ಉಳಿದವರು ಕೀರ್ತನೆ ಹಾಡಿದರು. ಹಿಂದೂ ಮನೆಗಳ ಹುಡುಗರು ಗುಂಡಿ ತೋಡಿದರು, ಹಲಗೆ ಹೊಡೆದರು. ಮಣ್ಣಾಯಿತು. ಆಕಾಶವೇನೂ ಬೀಳಲಿಲ್ಲ.

"ಪಾದ್ರಿ ಇದ್ದಿದ್ರೆ ಹಲಗೆ ಬಾರಿಸೋಕೆ ಬಿಡ್ತಿರಲಿಲ್ಲ ಕಣಪ್ಪ" ಅಂತ ಆ ಅಕ್ಕ ನಮಗೆ ಹೇಳಿದಳು. "ಅಜ್ಜಿಗೆ ಹಲಗೆ ಅಂದ್ರೆ ಇಷ್ಟ ಇತ್ತು."

ಗೆಳೆಯರೇ, ಈ ಒಂದು ಮಾತಿಗಾಗಿ ನಾವು ಈ ಸಂಪಾದಕೀಯ ಬರೆಯುತ್ತಿದ್ದೇವೆ.

ಹಾಗಂತ ಪಾದ್ರಿ ಇಲ್ಲದ ಕಾಲ ಸ್ವರ್ಗ ಅಂತ ನಾವು ಹೇಳುವುದಿಲ್ಲ. ಕುರ್ಚಿ ಖಾಲಿಯಾದ ಕೂಡಲೇ ಅದರ ನಾಲ್ಕು ಕಾಲು ಹಿಡಿಯಲು ನಾಲ್ಕು ಗುಂಪು ಹುಟ್ಟಿಕೊಂಡವು. ಬರುವ ಪಾದ್ರಿ ಯಾರ ಕಡೆಯವರು? ಹೊಲೆಯರೋ, ಮಾದಿಗರೋ? ಯಾವ ಜಿಲ್ಲೆಯವರು? ಯಾರ ಷಡ್ಕ? ಒಂದು ಗುಂಪು ವ್ಯಾನು ಮಾಡಿಕೊಂಡು ಬಿಷಪ್ಪರ ಹತ್ತಿರ ಹೋಯಿತು. ವಾರದೊಳಗೆ ಇನ್ನೊಂದು ಗುಂಪು ಇನ್ನೂ ದೊಡ್ಡ ವ್ಯಾನು ಮಾಡಿತು. ಏಸುವಿನ ಮುಂದೆ ಎಲ್ಲರೂ ಒಂದೇ ಅಂತ ಭಾನುವಾರ ಹಾಡಿ, ಸೋಮವಾರ ಜಾತಿಯ ಲೆಕ್ಕ ಹಾಕುವ ಈ ರೋಗ ಊರಿನಿಂದ ಬಂದದ್ದು. ಆದರೆ ಅದನ್ನು ನಾವು ಹೊತ್ತುಕೊಂಡೇ ಚರ್ಚಿನ ಮೆಟ್ಟಿಲು ಹತ್ತಿದ್ದೇವೆ ಅನ್ನುವುದನ್ನು ಮರೆಯಬಾರದು.

ಇನ್ನೊಂದು ಸಂಗತಿ. ಸುಗ್ಗಿ ಹಬ್ಬದ ಕಾಣಿಕೆಯ ಲೆಕ್ಕದ ಪುಸ್ತಕವನ್ನು ಯಾರೂ ಹತ್ತಾರು ವರ್ಷದಿಂದ ತೆರೆದು ನೋಡಿರಲಿಲ್ಲ. ಪಾದ್ರಿ ಇದ್ದಾಗ ಲೆಕ್ಕ ಕೇಳಿದರೆ ದೇವರನ್ನು ಕೇಳಿದ ಹಾಗೆ. ಈಗ ಪಿಯುಸಿ ಓದುವ ಇಬ್ಬರು ಹುಡುಗರು ಕೂತು ಬರೆದರು. ಕೂಲಿಯವರು ತಂದುಕೊಟ್ಟ ರಾಗಿ, ಕೋಳಿ, ತೆಂಗಿನಕಾಯಿ ಹರಾಜಾಗಿ ಎಷ್ಟು ಬಂತು, ಎಷ್ಟು ಹೋಯಿತು. ಹಣ ತಿಂದವರು ಸಿಕ್ಕರು ಅಂತ ಕತೆ ಕಟ್ಟುವುದಿಲ್ಲ. ಸಿಕ್ಕಿದ್ದು ಬರೆಯದೆ ಬಿಟ್ಟ ಖಾಲಿ ಹಾಳೆಗಳು. ಬರೆಯದ ಹಾಳೆ ಕಳ್ಳತನ ಅಲ್ಲದಿರಬಹುದು. ಅದು ಬಡವನ ಕಾಣಿಕೆಗೆ ಮಾಡಿದ ಅವಮಾನವಂತೂ ಹೌದು.

ಈ ನಡುಗಾಲ ನಮ್ಮ ಜನರಿಗೆ ಹೊಸದಲ್ಲ. ಚರಿತ್ರೆ ಸ್ವಲ್ಪ ತಿರುವಿ ಹಾಕಿ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರಲ್ಲಿ ಪಾದ್ರಿ ದೀಕ್ಷೆ ಪಡೆದ ಇಲ್ಲಿಯ ಮೊದಲಿಗರು 1844ರಲ್ಲಿ ಮತಾಂತರವಾದ ಬ್ರಾಹ್ಮಣ, ಹರ್ಮನ್ ಕೌಂಡಿಣ್ಯ. ಅವರ ಧೈರ್ಯಕ್ಕೆ ನಮ್ಮ ನಮಸ್ಕಾರವಿದೆ. ಆದರೂ ಪೀಠ ಮೊದಲು ಯಾರಿಗೆ ಸಿಕ್ಕಿತು ಅನ್ನುವುದನ್ನು ಗಮನಿಸಿ. ಎಂಬತ್ತು ವರ್ಷ ಕಳೆದು 1914ರಲ್ಲಿ ಮಹಾಯುದ್ಧ ಬಂತು. ಜರ್ಮನಿಯವರು ಅಂತ ಆ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಹಿಡಿದು ಶಿಬಿರದಲ್ಲಿಟ್ಟು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿತು. ಕರಾವಳಿಯಲ್ಲೂ ಧಾರವಾಡ ಸೀಮೆಯಲ್ಲೂ ಸಭೆಗಳು ತಬ್ಬಲಿಯಾದವು. ದೊರೆ ಹೋದ ಮೇಲೆ ಇವರ ಕತೆ ಮುಗಿಯಿತು ಅಂದುಕೊಂಡವರಿದ್ದರು. ಮುಗಿಯಲಿಲ್ಲ. ಇಲ್ಲಿಯ ಪಾಲಕರು, ಉಪದೇಶಿಗಳು, ಶಾಲೆಯ ಮೇಷ್ಟ್ರುಗಳು ಹೊಣೆ ಹೊತ್ತರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಇಂಡಿಯಾ ಸಭೆ ಹುಟ್ಟಿತು. 1970ರಲ್ಲಿ ಮೈಸೂರು ಡಯಾಸಿಸ್ ಉತ್ತರ, ಮಧ್ಯ, ದಕ್ಷಿಣ ಅಂತ ಮೂರಾಯಿತು. ಬಿಳಿಯ ದೊರೆಗಳು ಹೋಗಿ ನಮ್ಮವರೇ ಬಿಷಪ್ಪರಾದರು.

ಆದರೆ ಕೇಳಬೇಕಾದ ಪ್ರಶ್ನೆ ಹಾಗೇ ಉಳಿಯಿತು. ಸಭೆಗೆ ಬಂದವರಲ್ಲಿ ಹೆಚ್ಚಿನವರು ಕೇರಿಯವರು. ಸಭೆಯ ಮಾತು ಯಾಕೆ ಕೇರಿಯದಲ್ಲ? ಈ ಪ್ರಶ್ನೆಯನ್ನು ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ಪಿ. ನಿರ್ಮಲ್ ಅವರು ಎತ್ತಿದರು. ಇಲ್ಲಿಯ ದೇವರ ಶಾಸ್ತ್ರ ಮೇಲ್ಜಾತಿಯ ತತ್ವಶಾಸ್ತ್ರದ ಹಿಂದೆ ಓಡುತ್ತಿದೆ, ತುಳಿಸಿಕೊಂಡವರ ನೋವಿನಿಂದ ಶುರುವಾಗಬೇಕು ಅನ್ನುವುದು ಅವರ ವಾದ. ದಲಿತ ದೇವರ ಶಾಸ್ತ್ರ ಅಂತ ಮುಂದೆ ಲೋಕದ ಕಾಲೇಜುಗಳಲ್ಲಿ ಪಾಠವಾದದ್ದು ಹೀಗೆ ನಮ್ಮ ನೆಲದಲ್ಲೇ ಮೊಳಕೆಯೊಡೆಯಿತು. ಆದರೆ ಪುಸ್ತಕದಲ್ಲಿ ಮೊಳೆತದ್ದು ಕೇರಿಯ ಪೀಠದ ತನಕ ಬಂತೇ? ಹಲಗೆಯನ್ನು ಹೊರಗಿಡುವ ಪಾದ್ರಿ ಆ ಪಾಠವನ್ನು ಪರೀಕ್ಷೆಗೆ ಮಾತ್ರ ಓದಿರಬೇಕು.

ಹೆಂಗಸರ ವಿಷಯವೂ ಅಷ್ಟೇ. 2013ರಲ್ಲಿ ನಂದ್ಯಾಲದಲ್ಲಿ ಇ. ಪುಷ್ಪಲಲಿತ ಅವರು ದಕ್ಷಿಣ ಇಂಡಿಯಾ ಸಭೆಯ ಮೊದಲ ಮಹಿಳಾ ಬಿಷಪ್ಪರಾದರು. ಮೇಲೆ ಅಷ್ಟು ದೊಡ್ಡ ಬಾಗಿಲು ತೆರೆದಿದೆ. ಕೆಳಗೆ ಆ ಅಂಗನವಾಡಿ ಅಕ್ಕನನ್ನು ಸಭಾ ಸಮಿತಿಗೆ ಹಾಕಿಕೊಳ್ಳಿ ಅಂದರೆ ಗಂಡಸರು ನೆಲ ನೋಡುತ್ತಾರೆ. ಹೆಣ ಮಣ್ಣು ಮಾಡುವಾಗ ಆಕೆಯ ದನಿ ಬೇಕು. ಲೆಕ್ಕ ಕೇಳುವಾಗ ಬೇಡ!

ಈಗ ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸೋಣ. ಚರ್ಚಿನವರನ್ನು ನೋಡಿ ನಗುವ ಹಕ್ಕು ನಮಗಿದೆಯೇ?

ಬಾಬಾಸಾಹೇಬರು 1935ರಲ್ಲಿ ಯೇವಲೆಯಲ್ಲಿ ನಿಂತು, ಹಿಂದೂವಾಗಿ ಸಾಯಲಾರೆ ಎಂದು ಸಾರಿದರು. ನಾಗಪುರದಲ್ಲಿ ಬೌದ್ಧರಾದದ್ದು 1956ರ ಅಕ್ಟೋಬರ್ 14ರಂದು. ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರುವ ನಡುವೆ 21 ವರ್ಷ. ಆ 21 ವರ್ಷ ಅವರು ಕೈಕಟ್ಟಿ ಕೂರಲಿಲ್ಲ. ಓದಿದರು, ತೂಗಿದರು, ಪ್ರಶ್ನಿಸಿದರು, ಪಕ್ಷ ಕಟ್ಟಿದರು, ಸಂವಿಧಾನ ಬರೆದರು. ನಡುಗಾಲವನ್ನು ಹೇಗೆ ಬಳಸಬೇಕು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ನಮಗೆ ಬೇಕಿಲ್ಲ. ಆದರೆ ದೀಕ್ಷೆಯಾಗಿ ಎರಡು ತಿಂಗಳು ತುಂಬುವ ಮುಂಚೆ, ಡಿಸೆಂಬರ್ 6ರಂದು ಅವರು ಹೋದರು. 1957ರಲ್ಲಿ ಅವರ ಕನಸಿನ ರಿಪಬ್ಲಿಕನ್ ಪಕ್ಷ ಹುಟ್ಟಿತು. ಹುಟ್ಟಿ ಸ್ವಲ್ಪ ಕಾಲಕ್ಕೇ ಒಡೆಯಿತು, ಮತ್ತೆ ಒಡೆಯಿತು. ನಮ್ಮ ನಾಡಿನ ದಲಿತ ಸಂಘಟನೆಗಳ ಬಣಗಳನ್ನು ಎಣಿಸಲು ಹೋದರೆ ಎರಡು ಕೈ ಬೆರಳು ಸಾಲುತ್ತವೋ ಇಲ್ಲವೋ. ನಾಯಕ ಎದ್ದು ಹೋದಾಗ ನಾವೂ ಹೀಗೇ ವ್ಯಾನು ಮಾಡಿಕೊಂಡು ಓಡಿದವರು. ಹಾಸ್ಟೆಲಿನಲ್ಲಿ ಒಬ್ಬ ಒಳ್ಳೆಯ ವಾರ್ಡನ್ನು ವರ್ಗವಾಗಿ ಹೋದರೆ ಮಾರನೆಯ ದಿನದಿಂದ ಸಾರು ನೀರಾಗುತ್ತೆ. ಸಾರು ನೀರಾದದ್ದಕ್ಕೆ ಹೊಸ ವಾರ್ಡನ್ನು ಎಷ್ಟು ಕಾರಣವೋ, ಒಳ್ಳೆಯವರಿದ್ದಾಗ ಅಕ್ಕಿಯ ಲೆಕ್ಕ ಕಲಿಯದ ನಾವೂ ಅಷ್ಟೇ ಕಾರಣ.

ಒಳ್ಳೆಯ ನಾಯಕ ಯಾರು? ತಾನಿಲ್ಲದಾಗ ಜನ ಹೆಣ ಮಣ್ಣು ಮಾಡಲು ಹೆದರದಂತೆ ಬೆಳೆಸಿದವನು. ಅವನು ಪಾದ್ರಿಯಾಗಲಿ, ಸಂಚಾಲಕನಾಗಲಿ, ಅಳತೆ ಒಂದೇ.

ಆದ್ದರಿಂದ ನಮ್ಮ ಮಾತು ಮೂರು ಕಡೆಗೆ.

ಮೇಲೆ ಕೂತಿರುವ ಹಿರಿಯರಿಗೆ: ಕೇರಿಯ ಚರ್ಚಿನಿಂದ ಪಾದ್ರಿಯನ್ನು ಎತ್ತುವ ದಿನವೇ ಮುಂದಿನವರ ಹೆಸರು ಹೇಳಿ. ಪಟ್ಟಣದ ದೊಡ್ಡ ಚರ್ಚು ಎಂಟು ತಿಂಗಳು ಖಾಲಿ ಬಿದ್ದಿದ್ದರೆ ನಿಮಗೆ ನಿದ್ದೆ ಬರ್ತಿತ್ತೇ?

ಕೇರಿಯ ಬಂಧುಗಳಿಗೆ: ಯಾರ ಕಡೆಯ ಪಾದ್ರಿ ಅಂತ ಕೇಳುವುದನ್ನು ಬಿಡಿ, ಯಾರ ಪರ ನಿಲ್ಲುವ ಪಾದ್ರಿ ಅಂತ ಕೇಳಿ. ಕೂಲಿ ಜಗಳದಲ್ಲಿ, ಸ್ಮಶಾನದ ಜಾಗದ ಜಗಳದಲ್ಲಿ ಅವರು ಎಲ್ಲಿರ್ತಾರೆ ಅಂತ ಕೇಳಿ. ಹೊಲೆಯರು ಮಾದಿಗರು ಒಂದೇ ಬೆಂಚಿನಲ್ಲಿ ಕೂತು ಕೇಳಿ.

ಹಾಸ್ಟೆಲಿನ ಗೆಳೆಯರಿಗೆ: ರಜೆಗೆ ಊರಿಗೆ ಹೋದಾಗ ಚರ್ಚೋ, ಮಾರಮ್ಮನ ಗುಡಿಯೋ, ಸಂಘದ ಕೋಣೆಯೋ, ಎಲ್ಲಿ ಕುರ್ಚಿ ಖಾಲಿ ಇದೆಯೋ ಅಲ್ಲಿ ಮೂರು ಕೆಲಸ ಮಾಡಿ. ಲೆಕ್ಕದ ಪುಸ್ತಕ ತೆರೆದು ಎಲ್ಲರೆದುರು ಗಟ್ಟಿಯಾಗಿ ಓದಿ. ಸಮಿತಿಗೆ ಹೆಂಗಸರನ್ನು ಸೇರಿಸಿ. ಜಾತಿ ಸರ್ಟಿಫಿಕೇಟು, ಮದುವೆ ರಿಜಿಸ್ಟ್ರಿ, ಸ್ಕಾಲರ್‌ಶಿಪ್ಪಿನ ಅರ್ಜಿ ಬರೆದುಕೊಡಿ. ಕ್ರೈಸ್ತನಾದ ದಲಿತನ ಮಗನಿಗೆ ನಮ್ಮ ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಜಾಗ ಇದೆ ಅನ್ನುವುದೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಇಷ್ಟು ಮಾಡಲು ದೀಕ್ಷೆ ಬೇಕಿಲ್ಲ, ಪೆನ್ನು ಬೇಕು.

ಆಗಸ್ಟ್ 10 ಬಂದಾಗ ಕ್ರೈಸ್ತ ದಲಿತರು ಕಪ್ಪು ದಿನ ಆಚರಿಸುತ್ತಾರೆ. ಆ ದಿನ ಅವರು ಒಬ್ಬರೇ ನಿಲ್ಲಬಾರದು. ನೀಲಿ ಬಾವುಟವೂ ಪಕ್ಕದಲ್ಲಿರಲಿ.

ಆ ಕೇರಿಗೆ ಇವತ್ತಲ್ಲ ನಾಳೆ ಹೊಸ ಪಾದ್ರಿ ಬರ್ತಾರೆ. ಮತ್ತೆ ಹಾರ, ಮತ್ತೆ ಶಾಲು ಇರುತ್ತೆ. ಇರಲಿ, ಬರುವವರನ್ನು ಗೌರವದಿಂದ ಬರಮಾಡಿಕೊಳ್ಳುವುದು ನಮ್ಮ ಜನರ ಗುಣ. ಆದರೆ ಈ ಸಲ ಹಾರದ ಜೊತೆ ಬರೆದು ಮುಗಿಸಿದ ಲೆಕ್ಕದ ಪುಸ್ತಕವನ್ನೂ ಅವರ ಕೈಗೆ ಕೊಡಿ. ಹೆಂಗಸರು ಇರುವ ಸಮಿತಿಯ ಪಟ್ಟಿ ಕೊಡಿ. ಬಾಗಿಲ ಹತ್ತಿರ ಹಲಗೆ ಹಿಡಿದ ಹುಡುಗರನ್ನು ನಿಲ್ಲಿಸಿ, "ಅಯ್ಯನೋರೇ, ಎಂಟು ತಿಂಗಳು ನಾವು ಹೀಗೆ ಇದ್ವಿ. ನೀವು ಬಂದಿದ್ದು ಸಂತೋಷ. ಬನ್ನಿ, ನಮ್ಮ ಜೊತೆ ಕೂತ್ಕೊಳ್ಳಿ" ಅನ್ನಿ.

ಅವರು ಜೊತೆಯಲ್ಲಿ ಕೂತರೆ ಆ ಎಂಟು ತಿಂಗಳು ವ್ಯರ್ಥವಾಗಲಿಲ್ಲ. ಕೂರದಿದ್ದರೆ, ಅವರಿಲ್ಲದೆ ಬದುಕುವುದು ಹೇಗೆ ಅಂತ ಕೇರಿಗೆ ಈಗಾಗಲೇ ಗೊತ್ತಿದೆ.

ಜೈಭೀಮ್.